ವಾಚನಾಲಯದ ಕಂಪ್ಯೂಟರ್ ಮತ್ತು ನಿನ್ನ ಕುರ್ಚಿ

ಅಫಜಲಪುರ
೧೫ ಡಿಸೆಂಬರ್ ೨೦೨೫

ಹಟಮಾರಿ ಜಹೀರುದ್ದೀನನಿಗೆ ಶ್ರೀಪಾದನ ಸಲಾಂ,

ಉರ್ದು ಪತ್ರಿಕೆಯ ಜಗಳವಾಗಿ ಎರಡು ವರ್ಷದ ನಂತರ ನನ್ನ ಕೈಬರಹ ಕಂಡು, ಇದು ಕ್ಷಮೆ ಕೇಳುವ ಪತ್ರವೆಂದು ತಿಳಿಯಬೇಡ. ನಮ್ಮ ವಾಚನಾಲಯದ ಸುದ್ದಿ ತಿಳಿಸಲು ಬರೆಯುತ್ತಿದ್ದೇನೆ, ಅಷ್ಟೆ.

ಅಲ್ಲಿಯ ಕಂಪ್ಯೂಟರ್ ನಿನಗೆ ಗೊತ್ತು. ಅದರ ಹಳೆಯ ಸಾಫ್ಟ್‌ವೇರಿಗೆ ಇನ್ನು ಬೆಂಬಲವಿಲ್ಲ, ಹೊಸದು ಈ ಯಂತ್ರಕ್ಕೆ ಒಗ್ಗುವುದಿಲ್ಲ, ಬರುವ ಭಾನುವಾರದ ಸಭೆಯಲ್ಲಿ ಗುಜರಿಗೆ ಹಾಕೋಣ ಎಂದು ಕಾರ್ಯದರ್ಶಿ ಧರ್ಮರಾಜ ಹೋದ ವಾರ ತೀರ್ಪು ಕೊಟ್ಟ. ಪರದೆ ಬೆಳಗುತ್ತದೆ, ಫ್ಯಾನು ತಿರುಗುತ್ತದೆ. ಆದರೂ ಅರವತ್ತು ತುಂಬಿದ ದಿನ ನಮಗಿಬ್ಬರಿಗೂ ಶಾಲೆಯಲ್ಲಿ ಹಾರ ಹಾಕಿ ಕಳಿಸಿದಂತೆ ಅದನ್ನೂ ಕಳಿಸಬೇಕಂತೆ. ನನಗೆ ರೇಗಿತು. ಭಾನುವಾರದೊಳಗೆ ನಡೆಸಿ ತೋರಿಸುತ್ತೇನೆ, ಆಗದಿದ್ದರೆ ನನ್ನ ಅಧ್ಯಕ್ಷಗಿರಿಯನ್ನೂ ಅದರ ಜೊತೆ ತಕ್ಕಡಿಗೆ ಹಾಕಿ ಎಂದುಬಿಟ್ಟೆ.

ಲಿನಕ್ಸ್ ಎಂಬ ಬೇರೊಂದು ಸಾಫ್ಟ್‌ವೇರ್ ಇದೆ, ಪುಕ್ಕಟೆ ಸಿಗುತ್ತದೆ, ವಯಸ್ಸಾದ ಯಂತ್ರವನ್ನು ಕಡೆಗಣಿಸುವುದಿಲ್ಲ. ಕಲಬುರಗಿಯಲ್ಲಿ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದು ಗುರುವಾರ ಕುಳಿತೆ. ನಂಬು, ನಾಲ್ಕಂಕಿಯ ಗುಪ್ತಸಂಖ್ಯೆ ಕೊಟ್ಟಿದ್ದೂ ಸೇರಿ ಎರಡು ತಾಸಿನಲ್ಲಿ ಮುಗಿಯಿತು. ಪರದೆಯ ತುಂಬ ಕನ್ನಡ! ೧೯೮೪ರಲ್ಲಿ ನಾನು ಕನ್ನಡ ಅಂಕಿಯಲ್ಲಿ ತುಂಬಿದ ಚಲನನ್ನು ಎರಡು ಸಲ ವಾಪಸ್ ಕಳಿಸಿದ ಬ್ಯಾಂಕಿನ ಗುಮಾಸ್ತನನ್ನು ಹಿಡಿದು ತಂದು ತೋರಿಸಬೇಕೆನಿಸಿತು. ಅದೇ ಹುರುಪಿನಲ್ಲಿ ಕೀಲಿಮಣೆಯನ್ನೂ ಕನ್ನಡಕ್ಕೆ ಬದಲಿಸಿ, ಯಂತ್ರ ಆರಿಸಿ ಮನೆಗೆ ಹೋದೆ.

ಶುಕ್ರವಾರ ಅದು ನನ್ನನ್ನು ಒಳಗೆ ಬಿಡಲಿಲ್ಲ. ಗುಪ್ತಸಂಖ್ಯೆ ತಪ್ಪು ಎಂದಿತು. ಇರುವುದೇ ನಾಲ್ಕು ಅಂಕಿ, ನಾನು ಮರೆಯುವವನೇ? ಏನು ಒತ್ತಿದರೂ ಪರದೆಯ ಮೇಲೆ ಬರೀ ಚುಕ್ಕಿ ಕಾಣುತ್ತದೆ. ನೂರು ಸಲವಾದರೂ ಒತ್ತಿರಬೇಕು. ಶನಿವಾರ ಧರ್ಮರಾಜ ಗುಜರಿಯವನಿಗೆ ಫೋನ್ ಮಾಡಿ ದೊಡ್ಡ ತಕ್ಕಡಿಯನ್ನೇ ತರಲು ಹೇಳಿದ, ನನಗೆ ಕೇಳಿಸುವಷ್ಟು ಜೋರಾಗಿ.

ಭಾನುವಾರ ಸಭೆಗೆ ಒಂದು ತಾಸಿರುವಾಗ, ಎದುರಿನ ಹೊಲಿಗೆ ಅಂಗಡಿಯ ಗೌಸಿಯಾಬೇಗಂ ಪುಸ್ತಕ ಮರಳಿಸಲು ಬಂದಳು. ನಮ್ಮ ಶಾಲೆಯಲ್ಲಿ ಕಲಿತವಳು, ನಿನ್ನ ಗಣಿತಕ್ಕೆ ಅಂಜುತ್ತಿದ್ದವಳು. ನನ್ನ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿ, ಪರದೆಯ ಮೂಲೆಯ ಪುಟ್ಟ ಗುರುತಿಗೆ ಬೆರಳು ತೋರಿಸಿದಳು.

“ಸರ, ನೀವು ಕನ್ನಡ ಅಂಕಿ ಒತ್ತಾಕತ್ತೀರಿ. ಅದಕ್ಕ ಇಂಗ್ಲಿಷ್ ಅಂಕಿ ಬೇಕು. ನಾ ಅಕ್ಕಗ ಉರ್ದುದಾಗ ಬರೀತೇನಿ, ಗಿರಾಕಿಗೆ ಕನ್ನಡದಾಗ. ಫೋನಿನ್ಯಾಗ ದಿನಾ ಇದನ್ನ ತಿರುಗಿಸೋದೇ ಆಗ್ಯದ ನೋಡ್ರಿ.”

ಗುರುತನ್ನು ಒತ್ತಿ ಕೀಲಿಮಣೆ ಬದಲಿಸಿದಳು. ನಾನು ಅದೇ ನಾಲ್ಕು ಅಂಕಿ ಒತ್ತಿದೆ. ತೆರೆದುಕೊಂಡಿತು. ಆಮೇಲೆ ಮೆಲ್ಲಗೆ ಕೇಳಿದಳು: “ಇದರಾಗ ಉರ್ದುನೂ ಬರ್ತದೇನ್ರಿ ಸರ?”

ಜಹೀರ, ಅದು ನೀನು ಕೇಳಿದ ಪ್ರಶ್ನೆಯೇ. ಒಂದು ಉರ್ದು ಪತ್ರಿಕೆ ತರಿಸೋಣ ಎಂದು ನೀನಂದಾಗ, ಇದು ಕನ್ನಡ ವಾಚನಾಲಯ ಎಂದು ನಾನು ಮೇಜು ಗುದ್ದಿದ್ದೆ. ನೀನು ಮನೆಯಿಂದ ತಂದಿಟ್ಟಿದ್ದ ನಿನ್ನ ಕುರ್ಚಿಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಆಳಂದದ ಮಗಳ ಮನೆಗೆ ಹೊರಟುಹೋದೆ. ಆ ಗುಮಾಸ್ತನನ್ನು ನಲವತ್ತು ವರ್ಷ ಬೈದ ನಾನು ಅವನಂತೆಯೇ ನಡೆದುಕೊಂಡಿದ್ದೆ.

ಬರುತ್ತದೆ ಎಂದು ಗೌಸಿಯಾಳಿಗೆ ಹೇಳಿ, ಅಲ್ಲೇ ಕೂತು ಉರ್ದುವನ್ನೂ ಸೇರಿಸಿದೆ. ಅವಳು ಅಕ್ಕನ ಹೆಸರು ಬರೆದು ನೋಡಿ ನಕ್ಕಳು. ಸಭೆಯಲ್ಲಿ ಧರ್ಮರಾಜ ಯಂತ್ರವನ್ನು ಸುತ್ತ ತಿರುಗಿ ನೋಡಿ, ಯಾರ ಸಹಾಯ ಪಡೆದಿರಿ ಎಂದು ಕೇಳಿದ. ಯಾರದೂ ಇಲ್ಲ ಎಂದೆ. ಹಿಂದಿನಿಂದ ಗೌಸಿಯಾ ಕೆಮ್ಮಿದಳು. ಅವಳ ಹೆಸರು ಹೇಳಬೇಕಾಯಿತು. ಗುಜರಿಯವನು ತಕ್ಕಡಿ ಹೊತ್ತುಕೊಂಡು ಹಾಗೇ ಮರಳಿದ.

ಮಗಳಿಗೆ ನನ್ನ ಆಶೀರ್ವಾದ ತಿಳಿಸು.

ಬಾಯಿ ಜೋರಿನ ನಿನ್ನ ಗೆಳೆಯ,
ಶ್ರೀಪಾದ

ತಾ.ಕ.: ಗುಪ್ತಸಂಖ್ಯೆ ೨೭೪೬. ನೆನಪಾಯಿತೆ? ನಾವಿಬ್ಬರೂ ಚೌಡಾಪುರದಿಂದ ವಾಚನಾಲಯದ ಮೊದಲ ಪುಸ್ತಕದ ಗಂಟು ಹೇರಿಕೊಂಡು ಬಂದ ನಿನ್ನ ಸೈಕಲ್ಲಿನ ತೆರಿಗೆ ಬಿಲ್ಲೆಯ ನಂಬರು. ಇಂಗ್ಲಿಷ್ ಅಂಕಿಯಲ್ಲಿ ಒತ್ತು. ಜನವರಿ ಒಂದರಿಂದ ಉರ್ದು ಪತ್ರಿಕೆ ಬರುತ್ತದೆ; ಠರಾವು ಮಂಡಿಸಿದವನು ನಾನೇ. ಕಂಪ್ಯೂಟರಿನ ಮುಂದೆ ಒಂದೇ ಸ್ಟೂಲ್ ಇದೆ. ನಿನ್ನ ಕುರ್ಚಿ ತೆಗೆದುಕೊಂಡು ಬಾ.