ಬರೀ ತುದಿಯಷ್ಟೇ

ಕಾಶಾನ್
ಖೊರ್ದಾದ್ ೩, ಬುಧವಾರ

ಮುದ್ದಿನ ತಂಗಿ ತರ್ಲಾನ್‌ಗೆ,

ನಿನ್ನ ಅಕ್ಕನ ಅಪ್ಪುಗೆ. ಫೋನಿನಲ್ಲಿ ಮೂಗಿನ ಮಾತೆತ್ತಿದರೆ ಸಾಕು, "ಅಕ್ಕಾ, ಲೈನ್ ಸರಿ ಇಲ್ಲ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ. ನಿನ್ನ ಭಾವ ನಾಳೆ ಗುಲಾಬಿನೀರಿನ ಕ್ಯಾನುಗಳ ಜೊತೆ ತೆಹರಾನಿಗೆ ಬರುತ್ತಿದ್ದಾರೆ. ಇದನ್ನು ನಿನ್ನ ಕೈಗೇ ಕೊಡುತ್ತಾರೆ. ಲಕೋಟೆ ಅಂಟಿಸಿದ್ದೇನೆ. ಅವರಿಗೂ ಗೊತ್ತಿಲ್ಲದ ಸಂಗತಿ ಇದರಲ್ಲಿದೆ.

ಎರಡು ವಾರದ ಹಿಂದೆ ನೀನು ಹೇಳಿದ್ದು ನನಗೆ ಬಾಯಿಪಾಠವಾಗಿದೆ. "ಬರೀ ತುದಿಯಷ್ಟೇ ಅಕ್ಕ. ಮೂಳೆ ಮುಟ್ಟಲ್ಲ, ಪೂರ್ತಿ ಪ್ರಜ್ಞೆ ತಪ್ಪಿಸೋದೂ ಇಲ್ಲ, ಒಂದು ಗಂಟೆ ಕೆಲಸ. ಡಾಕ್ಟರಿಗೆ ಫೋಟೋ ಕಳಿಸಿದ್ದೆ. ಯಾರೂ ಮುಟ್ಟದ ಮೂಗು, ಸುಲಭ ಅಂದ್ರು. ಫರ್ಜೀನ್ ಅಮ್ಮಂಗೂ ಆಸೆ, ಮದುವೆ ಫೋಟೋಲಿ ಚೆನ್ನಾಗಿ ಬರುತ್ತೆ ಅಂತ." ನೀನು ನಿಜ ಹೇಳುವಾಗ ಒಂದು ಕಾರಣ ಕೊಡುತ್ತೀಯ ತರ್ಲಾನ್. ಅಂದು ಐದು ಕೊಟ್ಟೆ. ಯಾರೋ ನಿನ್ನ ಕೈಲಿ ಇದನ್ನೆಲ್ಲ ಹೇಳಿಸುತ್ತಿದ್ದಾರೆ ಅನ್ನಿಸಿತು.

ಮೊದಲು ನಾನು ಅನುಮಾನಪಟ್ಟಿದ್ದು ನಿನ್ನ ಭಾವೀ ಅತ್ತೆಯ ಮೇಲೆ, ಆಮೇಲೆ ಡಾಕ್ಟರ ಮೇಲೆ. ನಿನ್ನ ಮೇಲೆ ಪಡಬೇಕೆಂದು ಹೊಳೆಯಲೇ ಇಲ್ಲ.

ಕಳೆದ ಶನಿವಾರ ಮನೆಯಲ್ಲಿ ಕಣ್ಣು ತೋರಿಸಿಕೊಂಡು ಬರುತ್ತೇನೆಂದು ಹೇಳಿ ತೆಹರಾನಿನ ಬಸ್ಸು ಹತ್ತಿದೆ. ನೀನು ಹೇಳಿದ್ದ ಕ್ಲಿನಿಕ್ಕಿಗೇ ಹೋದೆ. ಹೆಸರು ಬರೆದುಕೊಳ್ಳುವ ಹುಡುಗಿಯ ಮೂಗಿಗೂ ಪಟ್ಟಿ ಇತ್ತು. ನನಗೇ ತುದಿ ತಿದ್ದಿಸಬೇಕು ಎಂದೆ. ಡಾಕ್ಟರು ದೀಪ ಹಿಡಿದು ನೋಡಿ ನಕ್ಕರು. "ನಿಮಗೆ ಪೂರ್ತಿ ಆಪರೇಷನ್ನೇ ಆಗಿದೆಯಲ್ಲ. ಹತ್ತು ವರ್ಷ ಆಗಿರ್ಬೇಕು." ಹನ್ನೆರಡು ಎಂದೆ. ಚಿಕ್ಕದಕ್ಕೂ ಪೂರ್ತಿಗೂ ಅಪಾಯದಲ್ಲಿ ಏನು ವ್ಯತ್ಯಾಸ ಎಂದು ಕೇಳಿದೆ. ಅವಸರವಿಲ್ಲದೆ ಹೇಳಿದರು. ಅಷ್ಟರಮಟ್ಟಿಗೆ ಒಳ್ಳೆಯ ಮನುಷ್ಯ.

"ಪೂರ್ತಿ ಅಂದ್ರೆ ಪ್ರಜ್ಞೆ ತಪ್ಪಿಸ್ಬೇಕು, ಮೂಳೆ ಕತ್ತರಿಸಿ ಕೂರಿಸ್ಬೇಕು. ರಕ್ತ ಹೋಗುತ್ತೆ, ಊತ ಪೂರ್ತಿ ಇಳಿಯೋಕೆ ವರ್ಷ ಬೇಕು. ಮೂಗಿನ ನಡುಗೋಡೆ ತೂತಾಗೋದೂ ಉಂಟು. ತುದಿ ಅಂದ್ರೆ ಮೆತ್ತನೆ ಮೂಳೆ ಮಾತ್ರ, ಅಪಾಯ ಕಮ್ಮಿ. ಕಮ್ಮಿ ಅಂದೆ, ಇಲ್ಲ ಅನ್ನಲಿಲ್ಲ. ಒಂದು ಕೂದಲೆಳೆ ಜಾಸ್ತಿ ತೆಗೆದ್ರೆ ಹೊಳ್ಳೆ ಒಳಕ್ಕೆ ಕುಸಿದು ಉಸಿರು ಕಟ್ಟುತ್ತೆ." ಆಮೇಲೆ ಬೆರಳೆತ್ತಿ ಇನ್ನೊಂದು ಹೇಳಿದರು. "ಈ ಲೆಕ್ಕವೆಲ್ಲ ಮೊದಲನೇ ಸಲಕ್ಕೆ. ಎರಡನೇ ಸಲಕ್ಕೆ ಚಿಕ್ಕದು ಅನ್ನೋದೇ ಇಲ್ಲಮ್ಮ. ಒಳಗೆಲ್ಲ ಗಾಯದ ಕಲೆ ಗಟ್ಟಿಯಾಗಿರುತ್ತೆ, ಮೆತ್ತನೆ ಮೂಳೆ ಉಳಿದಿರಲ್ಲ. ಕಿವಿಯಿಂದಲೋ ಪಕ್ಕೆಯಿಂದಲೋ ತಂದು ಕಟ್ಬೇಕು. ಅದನ್ನ ಮುಚ್ಚಿಟ್ಟು ಟೇಬಲ್ ಹತ್ತಿದ್ರೆ, ನನ್ನ ಕಣ್ಣು ಕಟ್ಟಿ ಕೈಗೆ ಚಾಕು ಕೊಟ್ಟ ಹಾಗೆ."

ನಾನು ನೆಮ್ಮದಿಯಾಗಿ ಹೊರಬಂದೆ. ನಮ್ಮ ತರ್ಲಾನ್‌ಗೆ ಇದು ಮೊದಲನೆಯದಲ್ಲವೇ ಅಂದುಕೊಂಡೆ. ಉಳಿದದ್ದು ಭಾವೀ ಅತ್ತೆಯ ಒತ್ತಾಯ. ಅದನ್ನು ನೇರವಾಗಿ ಕೇಳಿಬಿಡೋಣವೆಂದು ಫರ್ಜೀನನ ಪ್ರಿಂಟಿಂಗ್ ಅಂಗಡಿಗೆ ಹೋದೆ. ಪಾಪ, ಮಸಿ ಕೈಯಲ್ಲೇ ಚಹಾ ತಂದಿಟ್ಟ. ಈ ಬರುವ ಭಾನುವಾರದ ಆಪರೇಷನ್ನಿಗೆ ನಿನ್ನ ಜೊತೆ ಯಾರಿರುತ್ತಾರೆ ಎಂದು ಕೇಳಿದೆ.

ಅವನ ಮುಖ ಬಿಳಿಚಿತು. "ಯಾವ ಆಪರೇಷನ್? ಆ ವಾರ ಗುಲಾಬಿ ಕೀಳೋಕೆ ನಿಮ್ಮನೆಗೆ ಬರ್ತೀನಿ ಅಂದಿದ್ಲಲ್ಲ?" ಕೈಯ ಮಸಿ ಒರೆಸಿಕೊಳ್ಳುತ್ತ ಮೆಲ್ಲಗೆ ಹೇಳಿದ. "ಎರಡು ವರ್ಷದ ಹಿಂದೆ ತುದಿ ಮಾಡಿಸಿಕೊಂಡಿದ್ದು ಸಾಲದಾ? ಅವತ್ತಿಂದ ಬಲಗಡೆ ಉಸಿರೇ ಸರಿಯಾಗಿ ಆಡಲ್ಲ. ಮೆಟ್ಟಿಲು ಹತ್ತಿದ್ರೆ ಸೀಟಿ ಹೊಡೆದ ಹಾಗೆ ಸದ್ದು. ನಿಮಗೆ ಗೊತ್ತಲ್ವಾ?" ಅವನ ಅಮ್ಮ ಇದರ ಬಗ್ಗೆ ಒಂದು ಮಾತೂ ಆಡಿಲ್ಲವಂತೆ.

ನೀನು ನನಗೆ ಎರಡನೆಯದನ್ನು ಮಾತ್ರ ಹೇಳಿದೆ, ಅವನಿಗೆ ಮೊದಲನೆಯದನ್ನು ಮಾತ್ರ. ಡಾಕ್ಟರಿಗೆ ಮುಟ್ಟದ ಮೂಗು ಎಂದೆ. ಎರಡು ವರ್ಷದ ಹಿಂದೆ ಬಾಗಿಲು ಬಡಿದು ಮೂಗಿಗೆ ಪೆಟ್ಟಾಯಿತೆಂದು ಪಟ್ಟಿ ಹಾಕಿಕೊಂಡು ಬಂದೆಯಲ್ಲ, ನಾನು ಕಾಯಿಸಿದ ಬಟ್ಟೆಯಿಂದ ನಿನ್ನ ಕೆನ್ನೆಗೆ ಶಾಖ ಕೊಟ್ಟಿದ್ದೆ. ತೆಹರಾನಿನ ಹುಡುಗಿಯರು ಆ ಪಟ್ಟಿಯನ್ನು ಕಿರೀಟದ ಹಾಗೆ ತೋರಿಸಿಕೊಂಡು ತಿರುಗುತ್ತಾರೆ. ನೀನೇಕೆ ಮುಚ್ಚಿಟ್ಟೆ ಎಂದು ವಾಪಸು ಬರುವ ಬಸ್ಸಿನ ತುಂಬ ಯೋಚಿಸಿದೆ. ನನ್ನ ಆಪರೇಷನ್ ಆದಾಗ ನಿನಗೆ ಹದಿನಾಲ್ಕು. "ಅಕ್ಕ ಅಪ್ಪನ ಮೂಗನ್ನ ಡಾಕ್ಟರಿಗೆ ಕೊಟ್ಟು ಬಂದ್ಲು" ಎಂದು ಊಟಕ್ಕೆ ಕೂತಾಗಲೆಲ್ಲ ಅಣಕಿಸಿದವಳು ನೀನು. ಈಗ ನನ್ನ ಮುಂದೆ ಒಪ್ಪಿಕೊಳ್ಳುವುದು ಹೇಗೆ ಎಂಬ ಸಂಕೋಚವೇ? ಅಂದು ನಾನು ಬದಲಾಯಿಸಿಕೊಂಡ ಮೇಲೆ ಮನೆಯ ಹೆಣ್ಣುಮಕ್ಕಳಲ್ಲಿ ಅಪ್ಪನ ಆ ಮೂಗು ಉಳಿದದ್ದು ನಿನಗೊಬ್ಬಳಿಗೇ. ನನ್ನ ಮದುವೆಗೆ ಬಂದ ಹೆಂಗಸರು ನಮ್ಮಿಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ನೋಡಿ ನಕ್ಕಿದ್ದು ನನಗೂ ಕಾಣಿಸಿತ್ತು. ಕಾಣಿಸದ ಹಾಗೆ ಇದ್ದುಬಿಟ್ಟೆ. ಆ ತಪ್ಪು ನನ್ನದು.

ನಿನ್ನನ್ನು ಸುಳ್ಳಿ ಎಂದು ಬೈಯಲು ಕೂತೆ. ಆದರೆ ನನ್ನ ಕೈಯೇ ತಡೆಯುತ್ತದೆ. ಕೇಳು. ಆ ಆಪರೇಷನ್ ಆದಾಗಿನಿಂದ ನನಗೆ ವಾಸನೆಯೇ ಗೊತ್ತಾಗುವುದಿಲ್ಲ. ಊತ ಇಳಿದರೆ ಬರುತ್ತದೆ ಅಂದರು, ಬರಲಿಲ್ಲ. ಅಪರೂಪಕ್ಕೆ ಯಾರಿಗೋ ಹೀಗಾಗುತ್ತದಂತೆ. ಗುಲಾಬಿನೀರು ಬಟ್ಟಿ ಇಳಿಸುವ ಮನೆಗೆ ಸೊಸೆಯಾಗಿ ಬಂದವಳು ನಾನು. ಈ ಹಂಗಾಮಿನಲ್ಲಿ ದಿನಾ ಬೆಳಿಗ್ಗೆ ಅತ್ತೆ ಮೊದಲ ಬಟ್ಟಿಯ ನೀರನ್ನು ನನ್ನ ಮೂಗಿಗೆ ಹಿಡಿದು "ಹೇಗಿದೆ ಮಗಾ?" ಅನ್ನುತ್ತಾರೆ. ನಾನು ಅವರ ಮುಖ ನೋಡಿಕೊಂಡು ಉತ್ತರ ಹೇಳುತ್ತೇನೆ. ಮೂರು ಚಳಿಗಾಲದ ಹಿಂದೆ ಅಡುಗೆಮನೆಯಲ್ಲಿ ಗ್ಯಾಸ್ ಸೋರಿದಾಗ ಪಕ್ಕದ ಮನೆಯವರು ಓಡಿಬಂದು ಬಾಗಿಲು ಬಡಿದರು. ಮಗು ಒಳಗೇ ಮಲಗಿತ್ತು. ಎಲ್ಲರೂ ನನ್ನನ್ನು ಬೇಜವಾಬ್ದಾರಿಯವಳು ಅಂದರು. ಹೌದು ಎಂದು ತಲೆತಗ್ಗಿಸಿ ಕೂತೆ. ನಿಜ ಹೇಳುವುದಕ್ಕಿಂತ ಅದೇ ಸುಲಭವಾಗಿತ್ತು.

ಕನ್ನಡಿಯಲ್ಲಿ ನನ್ನ ಮೂಗು ಚೆನ್ನಾಗಿಯೇ ಇದೆ. ಅದಕ್ಕೇ ಯಾರೂ ಏನೂ ಕೇಳಲಿಲ್ಲ. ನೀನು ಕೂಡ.

ಉಸಿರಿಗಾಗಿ ಆಪರೇಷನ್ ಬೇಕಾದರೆ ಮಾಡಿಸಿಕೋ, ನಾನು ಬೇಡ ಅನ್ನುವುದಿಲ್ಲ. ಆದರೆ ಎಲ್ಲ ಹೇಳಿ ಮಾಡಿಸಿಕೋ. ಮೊದಲ ಸಲ ಯಾರು ಕತ್ತರಿಸಿದರು, ಎಷ್ಟು ಕತ್ತರಿಸಿದರು, ಆ ಕಾಗದಗಳನ್ನು ತೆಗೆದುಕೊಂಡು ಹೋಗು. ಬೇಕಾದರೆ ನಾನೂ ಜೊತೆಗೆ ಕೂರುತ್ತೇನೆ.

ನಿನ್ನ
ಮೊನೀರೆ ಅಕ್ಕ

ಮರೆತಿದ್ದೆ: ಇದನ್ನು ಬರೆಯುವ ಮೊದಲೇ, ಬೆಳಿಗ್ಗೆ, ಕ್ಲಿನಿಕ್ಕಿಗೆ ಫೋನ್ ಮಾಡಿ ನಿನ್ನ ಮೊದಲ ಆಪರೇಷನ್ನಿನ ವಿಷಯ ಹೇಳಿಬಿಟ್ಟೆ. ಭಾನುವಾರದ ಪಟ್ಟಿಯಿಂದ ನಿನ್ನ ಹೆಸರು ತೆಗೆದಿದ್ದಾರೆ. ಡಾಕ್ಟರೇ ಮೊದಲು ನಿನ್ನನ್ನು ನೋಡಬೇಕಂತೆ. ಅವರೇ ನಿನಗೆ ತಿಳಿಸಲಿ ಎಂದು ಬಿಡಬಹುದಿತ್ತು. ಆದರೆ ಹೇಳಿದವರು ಯಾರು ಎಂದು ನೀನು ಫರ್ಜೀನನ ಮೇಲೆ ಅನುಮಾನಪಡಬಾರದು. ಹೇಳಿದ್ದು ನಾನು.