ಮಧ್ಯದ ಸ್ವಿಚ್

ಮಾರ್ಚ್ 3, ಸೋಮವಾರ

ಮತ್ತೆ ಸೋಲ್ಡರಿಂಗ್. ಊಟದ ಮೇಜಿನ ಮೇಲೆ ಹಳೇ ಟವೆಲ್, ಅದರ ಮೇಲೆ ಅಕ್ಕನ ಎಲೆಕ್ಟ್ರಿಕ್ ಗಿಟಾರ್. ಆಂಪ್ಲಿಫೈಯರಿಗೆ ಹಚ್ಚಿದರೆ ಗುಂಯ್ ಅನ್ನುತ್ತದೆ. ಶನಿವಾರ ಅವಳ ರೆಕಾರ್ಡಿಂಗ್. ಭಾವನಿಂದ ಬೇರೆಯಾದ ಮೇಲೆ ಎರಡು ವರ್ಷ ಗಿಟಾರ್ ಮುಟ್ಟಿರಲಿಲ್ಲ; ಈಗ ತಾನಾಗಿ ಹೊರಟಿದ್ದಾಳೆ. ಗುಂಯ್‌ಗುಡುವುದನ್ನು ಹೊತ್ತುಕೊಂಡು ಹೋಗುವುದು ಬೇಡ ಎಂದು ನಾನೇ ಮೈಮೇಲೆ ಎಳೆದುಕೊಂಡೆ.

ಬಿಚ್ಚಿ ನೋಡಿದರೆ — ದೇವರೇ. ವೈರಿಂಗ್ ಪೂರ್ತಿ ಭಾವನದು. ಒಂದೊಂದು ಬೆಸುಗೆಯೂ ಅಂಟಿಸಿದ ಚೂಯಿಂಗ್ ಗಮ್. ವೈರಿನ ಬಣ್ಣಕ್ಕೂ ಅದು ಹೋಗುವ ಜಾಗಕ್ಕೂ ಸಂಬಂಧವಿಲ್ಲ. ಕೀಳುವ ಮೊದಲು ಫೋಟೊ ತೆಗೆದಿಡುವುದು ನನ್ನ ಪದ್ಧತಿ. ತೆಗೆಯಲಿಲ್ಲ. ತಪ್ಪನ್ನು ಯಾರಾದರೂ ಜೋಪಾನ ಮಾಡುತ್ತಾರೆಯೇ.

ಮಾರ್ಚ್ 4, ಮಂಗಳವಾರ

ಮುಗಿಯಿತು. ತಂತಿಯ ನಡುಕ ಹಿಡಿದು ಆಂಪ್‌ಗೆ ಕಳಿಸುವ ಎರಡು ಪಿಕಪ್, ವಾಲ್ಯೂಮ್, ಟೋನ್, ಮೂರು ಸ್ಥಾನದ ಸ್ವಿಚ್. ಎಲ್ಲ ಪುಸ್ತಕದಲ್ಲಿದ್ದ ಹಾಗೆ. ಎಷ್ಟು ನಿಶ್ಶಬ್ದವೆಂದರೆ, ಆಂಪ್ ಆನ್ ಇದೆಯೇ ಎಂದು ದೀಪ ನೋಡಿ ಖಾತ್ರಿ ಮಾಡಿಕೊಂಡೆ.

ಸಂಜೆ ಅಕ್ಕ ಬಂದಳು. ಸ್ವಿಚ್ ಆ ಕೊನೆ, ಸರಿ. ಈ ಕೊನೆ, ಸರಿ. ಮಧ್ಯಕ್ಕೆ ತಂದು — ಅಲ್ಲಿ ಎರಡೂ ಪಿಕಪ್ ಒಟ್ಟಿಗೆ ನುಡಿಯುತ್ತವೆ — ಒಮ್ಮೆ ಮೀಟಿ ಕೈ ತೆಗೆದಳು.

"ಇದು ನನ್ನದಲ್ಲ ಕಣೋ."

ನಾದ ತುಂಬಿಕೊಂಡು ಬರುತ್ತಿದೆಯಲ್ಲ ಎಂದೆ. ಅದೇ ತೊಂದರೆ ಅಂದಳು. ಮೊದಲು ಮೂಗು ಕಟ್ಟಿದವರ ದನಿ ಇತ್ತಂತೆ. ಟೊಳ್ಳಾಗಿ, ದೂರದಿಂದ ಬಂದ ಹಾಗೆ. ಶನಿವಾರದ ಹಾಡನ್ನು ಅದರ ಮೇಲೇ ಕಟ್ಟಿದ್ದಾಳಂತೆ. ಆ ದನಿ ಇಲ್ಲದಿದ್ದರೆ ಸ್ಟುಡಿಯೋಗೇ ಹೋಗುವುದಿಲ್ಲವಂತೆ.

ಕೆಟ್ಟದ್ದೇ ಬೇಕು ಅನ್ನುವವರಿಗೆ ಏನು ಮಾಡುವುದು.

ಮಾರ್ಚ್ 6, ಗುರುವಾರ

ಟೋನಿನ ಕೆಪಾಸಿಟರ್ ಬದಲಿಸಿದೆ. ಪಿಕಪ್ ಏರಿಸಿದೆ, ಇಳಿಸಿದೆ. ಬೆರಳು ಸುಟ್ಟುಕೊಂಡೆ. ಮೂಗು ಕಟ್ಟುತ್ತಿಲ್ಲ.

ಓದೋಣವೆಂದು ಕೂತರೆ ಅದೂ ಇಲ್ಲ. ಕೈಯಲ್ಲಿರುವ ಕಾದಂಬರಿಯ ಅನುವಾದಕ ಮೂಲದ ಗಂಟುಗಳನ್ನೆಲ್ಲ ಬಿಡಿಸಿ ಇಸ್ತ್ರಿ ಹಾಕಿಬಿಟ್ಟಿದ್ದಾನೆ. ಅಜ್ಜಿಯೂ ವಕೀಲನೂ ಒಂದೇ ಥರ ಮಾತಾಡುತ್ತಾರೆ. ಇವನಿಗೆ ಯಾರು ಹೇಳಿದರು ತಿದ್ದು ಅಂತ…

ಪುಸ್ತಕ ಮುಚ್ಚಿ ಮೇಜಿನ ಕಡೆ ನೋಡಿದೆ.

ಬೇರೆ ದಾರಿಯಿಲ್ಲ. ಭಾವನಿಗೇ ಫೋನ್ ಮಾಡಬೇಕು.

ಮಾರ್ಚ್ 7, ಶುಕ್ರವಾರ

ಮಾಡಿದೆ. ಎರಡು ವರ್ಷದ ಮೇಲೆ ಮೊದಲ ಮಾತು ಗಿಟಾರ್ ವೈರಿನ ಬಗ್ಗೆ. ಭಾವ ಮೊದಲು ಹೊಟ್ಟೆ ತುಂಬ ನಕ್ಕರು. ಒಂದು ಪಿಕಪ್‌ನ ಎರಡು ವೈರ್ ಅದಲುಬದಲಾಗಿತ್ತಂತೆ. ಒಟ್ಟಿಗೆ ನುಡಿದಾಗ ಪಿಕಪ್‌ಗಳು ಒಂದನ್ನೊಂದು ಅರ್ಧ ನುಂಗಿಹಾಕುತ್ತವೆ. ನುಂಗಿ ಉಳಿದದ್ದೇ ಆ ದನಿ.

"ಬೇಕಂತ ಮಾಡಿದ್ದಲ್ಲಪ್ಪ, ಕಣ್ತಪ್ಪು. ಸರಿ ಮಾಡೋಕೆ ಕೂತೆ. ನಿಮ್ಮಕ್ಕ ಕೈ ಹಿಡಿದುಕೊಂಡುಬಿಟ್ಟಳು, ಮುಟ್ಟಬೇಡ ಅಂತ."

ಈಗ ಯಾಕೆ ಬೇಕಾಯಿತು ಎಂದರು; ಅಕ್ಕನ ರೆಕಾರ್ಡಿಂಗ್‌ಗೆ ಎಂದೆ. ಯಾವಾಗ ಎಂದು ಕೇಳಿದರು. ನಾಳೆ ಎಂದೆ. ಹೇಳಬಾರದಿತ್ತೇನೋ.

ವೈರ್ ಅದಲುಬದಲು ಮಾಡಿದೆ. ದನಿ ಬಂತು. ಬೆನ್ನಿಗೇ ಗುಂಯ್ ಕೂಡ. ಆ ಪಿಕಪ್‌ನ ಲೋಹದ ಮುಚ್ಚಳ ಅದರ ಒಂದು ವೈರಿಗೆ ಅಂಟಿಕೊಂಡಿದೆ; ವೈರ್ ಅದಲುಬದಲಾದರೆ ಮುಚ್ಚಳವೇ ಆಂಟೆನಾ ಆಗಿ ಗುಂಯ್ ಹಿಡಿಯುತ್ತದೆ. ಕೊಂಡಿ ಕತ್ತರಿಸಿ ಮುಚ್ಚಳಕ್ಕೆ ಬೇರೆ ಅರ್ತ್ ವೈರ್ ಕೊಟ್ಟೆ. ಗುಂಯ್ ಹೋಯಿತು. ತಪ್ಪು ಉಳಿಯಿತು. ಇಷ್ಟಕ್ಕೆ ಇಡೀ ವಾರ.

ಮಾರ್ಚ್ 8, ಶನಿವಾರ, ಬೆಳಿಗ್ಗೆ

ಅಕ್ಕ ಮಧ್ಯದ ಸ್ವಿಚ್‌ನಲ್ಲಿ ಹಾಡು ಪೂರ್ತಿ ನುಡಿಸಿದಳು. ಚೆನ್ನಾಗಿದೆ ಅನ್ನಲಿಲ್ಲ.

"ಯಾರನ್ನ ಕೇಳಿದೆ?"

ನಾನೇ ಕಂಡುಹಿಡಿದೆ ಎಂದೆ.

"ಸುಳ್ಳು. ನಿನಗೆ ತಪ್ಪು ಮಾಡೋಕೆ ಬರಲ್ಲ."

ನನ್ನ ಫೋನ್ ಕಸಿದು, ನಿನ್ನೆಯ ಕರೆಯಲ್ಲಿ ಭಾವನ ಹೆಸರು ನೋಡಿ ಅದನ್ನೇ ಒತ್ತಿದಳು. ನನ್ನನ್ನು ನನ್ನದೇ ಮನೆಯಿಂದ ಹೊರಗೆ ತಳ್ಳಿ ಬಾಗಿಲು ಹಾಕಿಕೊಂಡಳು. ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಕೆಳಗೆ ಟ್ಯಾಕ್ಸಿಯವನು ಹಾರ್ನ್ ಹೊಡೆಯುತ್ತಿದ್ದಾನೆ. ಒಳಗೆ ಬೈಗುಳ ಶುರುವಾಗುತ್ತದೆ ಅಂದುಕೊಂಡಿದ್ದೆ. ಮಾತೇ ಇಲ್ಲ. ಫೋನ್ ಎದುರಿಗಿಟ್ಟುಕೊಂಡಿರಬೇಕು, ನುಡಿಸುತ್ತಿದ್ದಾಳೆ. ಅದೇ ಹಾಡು, ಮೊದಲಿಂದ.

ನಿಂತಿತು. ಈಗ ಅವಳ ದನಿ. ಮೂಗು ಕಟ್ಟಿದ ಹಾಗಿದೆ, ಎಲ್ಲೋ ದೂರದಿಂದ —