ಖಾರದ ಪುಡಿ ಮಿಲ್ಲಿನ ಗೇರು

ಗೋಪಾಳ, ಶಿವಮೊಗ್ಗ
14 ನವೆಂಬರ್ 2025, ಶುಕ್ರವಾರ

ಇನ್ನೂ ಮುನಿಸು ಬಿಡದ ನಮ್ಮ ಯಜಮಾನರಿಗೆ, ಶರಾವತಿಯ ನಮಸ್ಕಾರಗಳು.

ನಾನು ಇಲ್ಲಿ ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿದ್ದೀರಿ, ಸ್ವಲ್ಪ ಇಳಿದುಹೋಗಿದ್ದೀರಿ ಅಂತ ಯಲ್ಲಮ್ಮ ಹೇಳಿದಳು. ಯಲ್ಲಮ್ಮ ಯಾರು ಅಂತ ಕೇಳುತ್ತೀರಿ. ಹೋದ ತಿಂಗಳು ನೀವು ಈಗ ಕೆಲಸಕ್ಕಿರುವ ನಾಗಯ್ಯನವರ ಲೇತ್ ಅಂಗಡಿಗೆ ಹಲ್ಲು ಮುರಿದ ಒಂದು ಗೇರು ಹಿಡಿದುಕೊಂಡು ಬಂದು, ಖಾರದ ಪುಡಿ ಮಿಲ್ಲಿನದು, ಬೇಗ ಮಾಡಿಕೊಡಿ ಅಂತ ನಿಮ್ಮ ಹತ್ತಿರ ಗೋಗರೆದಳಲ್ಲ, ಅವಳೇ. ಅದು ಖಾರದ ಪುಡಿ ಮಿಲ್ಲಿನದಲ್ಲ. ಹಾಗೆ ಹೇಳು ಅಂತ ಹೇಳಿಕೊಟ್ಟು ಕಳಿಸಿದವಳು ನಾನು.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನ್ ಮಾಡಿದರೆ ನೀವು "ಊಟ ಆಯ್ತು, ಇಡ್ತೀನಿ" ಅಂತೀರಿ, ನಾನು "ಸರಿ" ಅಂತೀನಿ. ಹದಿನಾಲ್ಕು ತಿಂಗಳಿಂದ ನಮ್ಮ ಸಂಸಾರ ಇಷ್ಟು ಮಾತಿನಲ್ಲಿ ನಡೆಯುತ್ತಿದೆ. ಭದ್ರಾವತಿಗೂ ಶಿವಮೊಗ್ಗಕ್ಕೂ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಹಾಸ್ಟೆಲ್ಲಿನಿಂದ ಮಗಳು ದಿವ್ಯಶ್ರೀ ಎರಡೂ ಕಡೆಗೆ ಫೋನ್ ಮಾಡಿ ಮಾಡಿ, "ನೀವಿಬ್ರೂ ಸೇರಿ ನನ್ನನ್ನ ಟೆಲಿಫೋನ್ ಎಕ್ಸ್‌ಚೇಂಜ್ ಮಾಡಿಟ್ಟಿದೀರ" ಅಂತ ಮೊನ್ನೆ ಬೈದಳು. ಕಾಗದವಾದರೆ ನೀವು ಮಧ್ಯದಲ್ಲಿ ಕಟ್ ಮಾಡುವ ಹಾಗಿಲ್ಲ.

ಮೊದಲು ಹಳೆಯದನ್ನೇ ಹೇಳಿಬಿಡುತ್ತೇನೆ. ನೀವು ಹತ್ತೊಂಬತ್ತು ವರ್ಷ ಪಂಪಿನ ಬಿಡಿಭಾಗ ಕಡೆದ ವರ್ಕ್‌ಶಾಪ್ ಮುಚ್ಚಿ ಎಂಟು ತಿಂಗಳಾಗಿತ್ತು. ಅದೇ ಮಾಲು ಚೀನಾದಿಂದ ಅಗ್ಗಕ್ಕೆ ಬರುತ್ತೆ ಅಂತ ಪಂಪಿನ ಕಂಪನಿಯವರು ಕೈ ಬಿಟ್ಟಿದ್ದರು. ನನಗೆ ಶಿವಮೊಗ್ಗದ ಗಾರ್ಮೆಂಟ್ಸಿನಲ್ಲಿ ಕೆಲಸ ಸಿಕ್ಕಿತು ಅಂದಾಗ ನೀವು, "ಹೊರದೇಶದ ವ್ಯಾಪಾರ ನಮ್ಮ ಒಲೆ ಆರಿಸ್ತು. ನೀನು ಅವರಿಗೇ ಅಂಗಿ ಹೊಲಿಯೋಕೆ ಹೊರಟಿದೀಯ" ಅಂದಿರಿ. ಅದಕ್ಕೆ ನಾನು ಸುಮ್ಮನಿರಬಹುದಿತ್ತು. "ಅನ್ನ ತರೋಕಾಗದವರು ನನ್ನ ಅನ್ನದ ಜಾತಕ ಕೇಳಬೇಡಿ" ಅಂದೆ. ಅದೂ ನಾಗಯ್ಯನವರು ಎದುರಿಗೆ ಕೂತಿದ್ದಾಗ. ನೀವು ಎದ್ದು ಹಿತ್ತಲಿಗೆ ಹೋದಿರಿ. ನಾನು ಮೂರನೇ ದಿನ ಬಟ್ಟೆ ಕಟ್ಟಿಕೊಂಡು ಬಸ್ ಹತ್ತಿದೆ. ದಿನಾ ಓಡಾಡೋಕೆ ಕಷ್ಟ ಅಂತ ಎಲ್ಲರಿಗೂ ಹೇಳಿದೆ. ಯಲ್ಲಮ್ಮ ಐವತ್ತೆರಡರ ವಯಸ್ಸಿನಲ್ಲಿ ಭದ್ರಾವತಿಯಿಂದ ನಮ್ಮ ಗಾರ್ಮೆಂಟ್ಸಿಗೇ ದಿನಾ ಬಂದು ಹೋಗುತ್ತಾಳೆ. ನನಗೆ ಕಷ್ಟವಾಗಿದ್ದು ಓಡಾಟ ಅಲ್ಲ, ನಿಮ್ಮ ಮುಖ ನೋಡೋದು.

ಇಲ್ಲಿ ಕೆಲಸ ಹಿಡಿಸಿತು. ಮನೆಯಲ್ಲಿ ಇಪ್ಪತ್ತು ವರ್ಷ ಬ್ಲೌಸ್ ಹೊಲಿದ ಕೈ, ಕಾಲರ್ ಕೂರಿಸೋದು ಬೇಗ ಬಂತು. ನಾವು ಹೊಲಿದ ಅಂಗಿ ಹಡಗು ಹತ್ತಿ ಹೋಗುತ್ತೆ ಅಂದರೆ ನನಗೊಂದು ಥರ ಜಂಭವೇ ಇತ್ತು. ನಿಮ್ಮ ಮಾತು ತಪ್ಪು ಅಂತ ಒಳಗೊಳಗೇ ಗೆದ್ದುಕೊಂಡಿದ್ದೆ.

ಆಗಸ್ಟಿನಲ್ಲಿ ಅಮೆರಿಕದವರು ನಮ್ಮ ದೇಶದ ಮಾಲಿನ ಮೇಲೆ ಸುಂಕ ಏರಿಸಿದರು. ಟಿವಿಯಲ್ಲಿ ನೋಡಿ ನಾನು ಚಾನೆಲ್ ಬದಲಾಯಿಸಿದ್ದೆ. ಅದು ನಮ್ಮ ಮಷಿನ್ ತನಕ ಬರುತ್ತೆ ಅಂತ ಯಾರಿಗೆ ಗೊತ್ತು? ಸೆಪ್ಟೆಂಬರಿನಲ್ಲಿ ಓವರ್‌ಟೈಮ್ ನಿಂತಿತು. ಅಕ್ಟೋಬರ್ ಮೊದಲ ವಾರ ನಮ್ಮ ಸೂಪರ್‌ವೈಸರ್ ವಾಣಿ ಊಟದ ಹಾಲಿಗೆ ಒಂದು ಪಟ್ಟಿ ಹಿಡಿದುಕೊಂಡು ಬಂದಳು. ಮೂವತ್ತಾರು ಹೆಸರು, ತಿಂಗಳ ಕೊನೆಗೆ ಅವರಿಗೆ ಕೆಲಸ ಇಲ್ಲ. ನನ್ನ ಹೆಸರು ಇರಲಿಲ್ಲ. ಯಲ್ಲಮ್ಮನದು ಇತ್ತು. ಅವಳು ಟಿಫಿನ್ ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಊಟ ಮಾಡಲಿಲ್ಲ.

ಆಗ ನನಗೆ ನೀವು ಒಂದೇ ಒಂದು ಸಲ ಹೇಳಿದ ಮಾತು ನೆನಪಾಯಿತು. ನಿಮ್ಮ ವರ್ಕ್‌ಶಾಪಿನಲ್ಲಿ ಮೊದಲು ತೆಗೆದದ್ದು ಮೂರ್ತಪ್ಪ ಒಬ್ಬನನ್ನೇ. ಉಳಿದವರೆಲ್ಲ ತಲೆ ತಗ್ಗಿಸಿ ಕೆಲಸ ಮಾಡುತ್ತಾ ಇದ್ದಿರಂತೆ. "ನಾವು ಎದ್ದು ನಿಂತಿದ್ರೆ ಬಾಗಿಲು ಮುಚ್ಚೋದು ತಪ್ತಿರಲಿಲ್ಲ. ಆದ್ರೆ ಮೂರ್ತಪ್ಪ ಒಬ್ಬನೇ ನಡ್ಕೊಂಡು ಹೋಗೋದು ತಪ್ತಿತ್ತು" ಅಂದಿದ್ದಿರಿ. ನಾನು ಎದ್ದು ನಿಂತೆ. ಧೈರ್ಯ ಅಂದುಕೊಳ್ಳಬೇಡಿ, ಬೆಂಚು ಹಿಡಿದುಕೊಂಡೇ ನಿಂತಿದ್ದು.

ಮ್ಯಾನೇಜರ್ ಹರಿಪ್ರಸಾದ್ ಬಂದರು. "ಯಾರನ್ನೂ ತೆಗೀಬೇಡಿ ಸಾರ್. ಎಲ್ಲರಿಗೂ ವಾರಕ್ಕೆ ಒಂದು ದಿನ ಕಡಿಮೆ ಮಾಡಿ, ಇರೋ ಕೆಲಸ ಹಂಚ್ಕೋತೀವಿ" ಅಂದೆ. ಅವರು ಮಾತಾಡುವ ಮೊದಲೇ ಹಿಂದಿನಿಂದ ನಮ್ಮವರೇ ಒಬ್ಬಳು, "ಪಟ್ಟೀಲಿ ನಮ್ಮ ಹೆಸರಿಲ್ಲ, ನಾವ್ಯಾಕೆ ಒಂದು ದಿನ ಕಳ್ಕೋಬೇಕು?" ಅಂದಳು. ನ್ಯಾಯವಾದ ಪ್ರಶ್ನೆಯೇ. ಮೂರ್ತಪ್ಪನ ಕಥೆ ಹೇಳಿದೆ. ಅವನಾದ ಮೇಲೆ ಐದು ಜನ ಹೋದದ್ದು, ಆಮೇಲೆ ಬಾಗಿಲಿಗೇ ಬೀಗ ಬಿದ್ದದ್ದು, ಎಲ್ಲ ಹೇಳಿದೆ. ಯಾರ ಕಥೆ ಅಂತ ವಾಣಿ ಕೇಳಿದಳು. "ನಮ್ಮ ಯಜಮಾನರದು" ಅಂದೆ. ಹದಿನಾಲ್ಕು ತಿಂಗಳಲ್ಲಿ ಆ ಪದ ನನ್ನ ಬಾಯಿಗೆ ಬಂದದ್ದು ಅವತ್ತೇ ಮೊದಲು. ಒಬ್ಬೊಬ್ಬರೇ ಕೈ ಎತ್ತಿದರು. ಎಲ್ಲರೂ ಎತ್ತಲಿಲ್ಲ, ಆದರೆ ಸಾಕಷ್ಟು ಜನ ಎತ್ತಿದರು.

ಹರಿಪ್ರಸಾದ್ ಕೆಟ್ಟವರಲ್ಲ. ಜಪಾನಿನ ಒಂದು ಸಣ್ಣ ಆರ್ಡರ್ ಬಂದಿದೆ, ಅದು ಹೇಳಿದ ದಿನಕ್ಕೆ ಹೋದರೆ ಇನ್ನೊಂದು ಸಿಗಬಹುದು, ಆಗ ಪಟ್ಟಿ ಹರಿದು ಹಾಕುತ್ತೇನೆ ಅಂದರು. ನಾಲ್ಕನೇ ದಿನಕ್ಕೆ ಕಾಲರ್ ಒಳಗಿನ ಗಟ್ಟಿ ಬಟ್ಟೆ ಅಂಟಿಸುವ ಮಷಿನ್ ಕಟ್ಟನೆ ನಿಂತುಹೋಯಿತು. ಗೇರಿನ ಹಲ್ಲು ಮುರಿದಿತ್ತು. ಹೊರದೇಶದ ಮಷಿನ್, ಬಿಡಿಭಾಗ ಬರಲು ಐದು ವಾರ. ಆರ್ಡರಿಗೆ ಇದ್ದದ್ದು ಹನ್ನೊಂದು ದಿನ. ಎಲ್ಲರೂ ಆ ಮಷಿನ್ ಸುತ್ತ ಸಾವಿನ ಮನೆಯ ಹಾಗೆ ನಿಂತಿದ್ದರು. ನಾನು ಮಾತ್ರ ನಿಮ್ಮ ಕೈ ನೆನೆಸಿಕೊಳ್ಳುತ್ತಿದ್ದೆ. "ಒಂದು ದಿನ ಕೊಡಿ ಸಾರ್, ಭದ್ರಾವತೀಲಿ ಮಾಡೋರು ಇದಾರೆ" ಅಂದುಬಿಟ್ಟೆ.

ನಾನೇ ತರಬೇಕಿತ್ತು. ಬಸ್ ಸ್ಟ್ಯಾಂಡ್ ತನಕ ಬಂದು ಬಸ್ ಹತ್ತಲಿಲ್ಲ. ಯಾವ ಅಂಗಿಗಾಗಿ ಜಗಳ ಆಯಿತೋ ಅದೇ ಅಂಗಿಯ ಮಷಿನ್ನಿಗೆ ಗೇರು ಮಾಡಿಕೊಡಿ ಅಂತ ಯಾವ ಮುಖದಲ್ಲಿ ಕೇಳಲಿ? ಅದಕ್ಕೇ ಯಲ್ಲಮ್ಮನ ಚೀಲಕ್ಕೆ ಹಾಕಿ ಸುಳ್ಳು ಹೇಳಿಕೊಟ್ಟೆ. "ನಂಗೆ ಸುಳ್ಳು ಹೇಳೋಕೆ ಬರಲ್ಲ ಮಾರಾಯ್ತಿ" ಅಂತ ಅವಳು ದಾರಿಯುದ್ದಕ್ಕೂ ಖಾರದ ಪುಡಿ, ಖಾರದ ಪುಡಿ ಅಂತ ಬಾಯಿಪಾಠ ಮಾಡಿದಳಂತೆ.

ಮಾರನೆಯ ದಿನ ಹೊಸ ಗೇರಿನ ಜೊತೆ ನಿಮ್ಮ ಮಾತನ್ನೂ ತಂದಳು. "ಹಲ್ಲು ಒಂದೇ ಪಕ್ಕ ಸವೆದಿದೆ. ಗೇರಿನ ತಪ್ಪಲ್ಲ, ಅದು ಕೂರೋ ಶಾಫ್ಟ್ ಓರೆ ಆಗಿದೆ. ಅದನ್ನ ಸರಿ ಮಾಡದೆ ಇದನ್ನ ಹಾಕಿದ್ರೆ ಇದೂ ಮುರಿಯುತ್ತೆ." ನಮ್ಮ ಮೆಕ್ಯಾನಿಕ್ ಮಷಿನ್ ಬಿಚ್ಚಿ ನೋಡಿದ. ಶಾಫ್ಟ್ ಓರೆಯೇ ಆಗಿತ್ತು. ಮಷಿನ್ ಕಾಣದೆ ಬರೀ ಮುರಿದ ಹಲ್ಲು ನೋಡಿ ಹೇಳಿದವರು ಯಾರು ಅಂತ ಎಲ್ಲರೂ ಕೇಳಿದರು. ನಾನು ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಆರ್ಡರ್ ಒಂದು ದಿನ ಮುಂಚೆಯೇ ಹೋಯಿತು. ತಿಂಗಳು ಮುಗಿಯುವ ಮೊದಲೇ ಇನ್ನೊಂದು ಬಂತು, ಪಟ್ಟಿ ಹರಿದು ಹಾಕಿದರು. ಮೂವತ್ತಾರು ಜನರಲ್ಲಿ ನಾಲ್ವರು ಕಾಯದೆ ತಿರುಪ್ಪೂರಿಗೆ, ಬೆಂಗಳೂರಿಗೆ ಹೋದರು. ಉಳಿದವರೆಲ್ಲ ಇದ್ದಾರೆ. ಯಲ್ಲಮ್ಮನೂ. ಈಗ ನಮಗೆಲ್ಲ ಶನಿವಾರವೂ ರಜೆ, ಸಂಬಳವೂ ಅಷ್ಟು ಕಡಿಮೆ. ಬರುವ ವರ್ಷ ಏನೋ ಗೊತ್ತಿಲ್ಲ.

ಹೊರದೇಶದ ವ್ಯಾಪಾರ ಒಳ್ಳೆಯದೋ ಕೆಟ್ಟದ್ದೋ ಅಂತ ಈಗ ಯಾರಾದರೂ ಕೇಳಿದರೆ ನನಗೆ ಹೇಳೋಕೆ ಬರಲ್ಲ. ನಿಮ್ಮ ಕೆಲಸ ಹೋದ ದಾರಿಯಲ್ಲೇ ನನ್ನ ಕೆಲಸ ಬಂತು. ಆ ದಾರಿಯ ಗೇಟು ಎಲ್ಲೋ ಇರುವ ಯಾರದೋ ಕೈಯಲ್ಲಿದೆ, ಅವರಿಗೆ ನನ್ನ ಹೆಸರೂ ಗೊತ್ತಿಲ್ಲ, ನಿಮ್ಮ ಹೆಸರೂ ಗೊತ್ತಿಲ್ಲ. ನೀವು ಹೇಳುತ್ತಿದ್ದದ್ದು ಹೊಟ್ಟೆಕಿಚ್ಚು ಅಂದುಕೊಂಡಿದ್ದೆ. ಅದು ನೋವು ಅಂತ ಗೊತ್ತಾಗಲು ನನ್ನ ಬೆಂಚಿನ ತನಕ ಅದು ಬರಬೇಕಾಯಿತು. ಅವತ್ತಿನ ನನ್ನ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಕ್ಷಮಿಸಿ.

ಹರಿಪ್ರಸಾದ್ ಒಂದು ಮಾತು ಕೇಳಿದ್ದಾರೆ. ಈ ಥರ ಬಿಡಿಭಾಗಗಳಿಗೆ ನಮ್ಮವರು, ಸುತ್ತಲಿನ ಇನ್ನೆರಡು ಗಾರ್ಮೆಂಟ್ಸಿನವರು ವಾರಗಟ್ಟಲೆ ಕಾಯುತ್ತಾರಂತೆ. ನಾಗಯ್ಯನವರ ಅಂಗಡಿಯಲ್ಲೇ ನೀವು ಮಾಡಿಕೊಡುವುದಾದರೆ ಆರ್ಡರ್ ನಿಮ್ಮ ಹೆಸರಿಗೇ ಬರೆಯುತ್ತಾರಂತೆ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ನಿಮ್ಮ ಕೈಯ ಕೆಲಸ, ನೀವೇ ಹೇಳಬೇಕು. ಬೇಡ ಅಂದರೂ ನನಗೆ ಬೇಜಾರಿಲ್ಲ.

ಬೆಳಿಗ್ಗೆ ಚಳಿ ಶುರುವಾಗಿದೆ. ಕಿವಿಗೆ ಮಫ್ಲರ್ ಸುತ್ತಿಕೊಂಡು ಹೋಗಿ.

ನಿಮ್ಮ,
ಶರಾವತಿ

ವಿ. ಸೂ.: ಅಂಚೆಗೆ ಹಾಕಬೇಕು ಅಂತ ಕವರು ತಂದಿದ್ದೆ, ಹಾಕಲಿಲ್ಲ. ಈಗ ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಇಷ್ಟನ್ನು ಭದ್ರಾವತಿಯಲ್ಲಿ ಕೂತು ಬರೆಯುತ್ತಿದ್ದೇನೆ. ಯಲ್ಲಮ್ಮ ಇದನ್ನು ನಿಮ್ಮ ಕೈಗೆ ಕೊಟ್ಟು ಹೋಗುತ್ತಾಳೆ. ನಾನು ನಿಮ್ಮ ಅಂಗಡಿ ಎದುರಿನ ಬಸ್ ಸ್ಟಾಪಿನಲ್ಲಿದ್ದೇನೆ. ಲೇತಿನ ಮೇಲೆ ಇರುವುದನ್ನು ಅರ್ಧಕ್ಕೆ ಬಿಟ್ಟು ಬರಬೇಡಿ, ಮುಗಿಸಿಯೇ ಬನ್ನಿ. ಎಷ್ಟು ಹೊತ್ತಾದರೂ ಕೂತಿರುತ್ತೇನೆ.